ಎರಡು ಮುಚ್ಚಳ ನೀರು: ಹಿರೇಬೆಣಕಲ್ ಗುಡ್ಡಕ್ಕೊಂದು ಶಿಬಿರ ಯಾತ್ರೆ

ಬಳ್ಳಾರಿಯ ನಮ್ಮ ಕ್ರೈಸ್ತ ಸಭೆಯ ಸಂಡೇ ಸ್ಕೂಲಿನ ಮಕ್ಕಳಿಗೆ ಪ್ರತಿ ಬೇಸಿಗೆಯಲ್ಲೂ ಹತ್ತು ದಿನ ವಿ.ಬಿ.ಎಸ್., ಅಂದರೆ ವೆಕೇಶನ್ ಬೈಬಲ್ ಸ್ಕೂಲ್, ನಡೆಯುತ್ತದೆ. ಅಭಿನಯಗೀತೆ, ಬಣ್ಣದ ಕಾಗದದ ಕೆಲಸ, ಕಂಠಪಾಠ ವಚನ, ಕೊನೆಗೊಂದು ಲೋಟ ನಿಂಬೆ ಷರಬತ್ತು. 1810ರಲ್ಲಿ ನಮ್ಮೂರಿಗೆ ಬಂದು ಸತ್ಯವೇದದ (ಬೈಬಲಿನ) ಕನ್ನಡ ಅನುವಾದದಲ್ಲಿ ತೊಡಗಿದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಅವರ ಹೆಸರನ್ನು ಉದ್ಘಾಟನೆಯ ದಿನ ತಪ್ಪದೆ ಸ್ಮರಿಸುತ್ತೇವೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ನ್ಯೂಯಾರ್ಕಿನ ಬೀದಿಗಳಲ್ಲಿ ಅಲೆಯುತ್ತಿದ್ದ ಮಕ್ಕಳಿಗಾಗಿ ಆರಂಭವಾದ ಈ ರಜಾಶಾಲೆ ನಮ್ಮಲ್ಲಿ ಮಕ್ಕಳನ್ನು ಫ್ಯಾನಿನ ಕೆಳಗೆ ಕೂರಿಸುವ ಪದ್ಧತಿಯಾಗಿ ನಿಂತುಬಿಟ್ಟಿದೆ ಎಂಬುದು ನನ್ನ ಹಳೆಯ ತಕರಾರು. ಈ ವರ್ಷ ಕೊನೆಯ ಮೂರು ದಿನಗಳನ್ನಾದರೂ ಬಯಲಿನಲ್ಲಿ ಕಳೆಯೋಣವೆಂದು ಹಠ ಹಿಡಿದೆ. ಸಭಾಪಾಲಕರಾದ ಅಯ್ಯನವರು ಬೇಗನೆ ಒಪ್ಪಿದರು. ತಾಯಂದಿರನ್ನು ಒಪ್ಪಿಸಲು ಎರಡು ಭಾನುವಾರಗಳು ಬೇಕಾದವು.

ಮೂವತ್ನಾಲ್ಕು ಮಕ್ಕಳು ಮತ್ತು ಐವರು ಹಿರಿಯರು ಬಾಡಿಗೆ ಬಸ್ಸಿನಲ್ಲಿ ಕುರುಗೋಡು, ಕಂಪ್ಲಿಯ ದಾರಿಯಾಗಿ ಹೊರಟೆವು. ಕಂಪ್ಲಿ ದಾಟಿದೊಡನೆ ತುಂಗಭದ್ರೆಯ ಸೇತುವೆ. ಮಳೆಗಾಲದಲ್ಲಿ ಅಣೆಕಟ್ಟೆಯಿಂದ ನೀರು ಬಿಟ್ಟಾಗ ಮುಳುಗಿ ಸಂಚಾರವನ್ನೇ ನಿಲ್ಲಿಸುವ ಆ ಸೇತುವೆಯ ಕೆಳಗೆ ಮೇ ತಿಂಗಳಿನಲ್ಲಿ ಕಂಡದ್ದು ಬರಿಯ ಬಂಡೆಗಳು, ನಡುನಡುವೆ ಮಡುಗಟ್ಟಿದ ನೀರು. ಆಚೆಯ ದಡದಲ್ಲಿ ಭತ್ತದ ಕೂಳೆ ತುಂಬಿದ ಗದ್ದೆಗಳು, ರೈಸ್ ಮಿಲ್ಲುಗಳ ತೌಡಿನ ವಾಸನೆ. ಗಂಗಾವತಿಯ ಸಮೀಪದ ಒಂದು ಸಭೆಯ ಅಂಗಳದಲ್ಲಿ ತಂಗಿದೆವು. ಮೊದಲ ರಾತ್ರಿಯ ವಿಷಯ ಹೆಚ್ಚು ಹೇಳುವಂಥದ್ದಲ್ಲ: ಸೊಳ್ಳೆ, ಹೊದಿಕೆಗಾಗಿ ಜಗಳ, ಅಮ್ಮ ಬೇಕೆಂದು ಅತ್ತ ಇಬ್ಬರು. ಆರನೆಯ ತರಗತಿಯ ಒಬ್ಬ ಹುಡುಗಿಯಂತೂ ತನ್ನ ಚಾಪೆಯ ಅಂಚನ್ನೂ ಯಾರಿಗೂ ಮುಟ್ಟಗೊಡಲಿಲ್ಲ.

ಎರಡನೆಯ ದಿನ ಹಿರೇಬೆಣಕಲ್ ಗುಡ್ಡ ಹತ್ತುವುದೆಂದು ನಿಶ್ಚಯವಾಗಿತ್ತು. ದಾರಿ ತೋರಿಸಲು ಒಪ್ಪಿದ್ದ ಕುರಿಗಾಹಿ ಹಿರಿಯರು ಹಿಂದಿನ ಸಂಜೆಯೇ ಎಚ್ಚರಿಸಿದ್ದರು: ಕತ್ತಲಲ್ಲಿ ಕರಡಿಯ ಭಯ, ಹೊತ್ತೇರಿದರೆ ಬಿಸಿಲಿನ ಭಯ, ಆದ್ದರಿಂದ ಬೆಳಕು ಹರಿದೊಡನೆ ಹೊರಡಬೇಕು. ನಾನು ಮಾತ್ರ ವೇಳಾಪಟ್ಟಿಯಲ್ಲಿ ಬರೆದಿದ್ದ ಪ್ರಾರ್ಥನೆ, ಹಾಡು, ಉಪ್ಪಿಟ್ಟು ಎಲ್ಲವನ್ನೂ ಮುಗಿಸಿಯೇ ಹೊರಡಿಸಿದೆ. ಗುಡ್ಡದ ಬುಡ ಬಿಟ್ಟಾಗ ಏಳೂವರೆ. ತಪ್ಪು ನನ್ನದೇ.

ಮೇಲೆ ತಲುಪಿದಾಗ ಹತ್ತು ಗಂಟೆಯಾಗಿತ್ತು. ಆದರೂ ಅಲ್ಲಿಯ ನೋಟಕ್ಕೆ ಮಕ್ಕಳು ದಣಿವನ್ನು ಮರೆತರು. ಎರಡು ಸಾವಿರ ವರ್ಷಗಳಿಗೂ ಹಿಂದಿನ ಬೃಹತ್ ಶಿಲಾ ಸಮಾಧಿಗಳು ನೂರಾರು ಸಂಖ್ಯೆಯಲ್ಲಿ ಒಂದು ಊರಿನಂತೆ ಹರಡಿಕೊಂಡಿವೆ. ನಾಲ್ಕು ಕಡೆ ಕಲ್ಲಿನ ಚಪ್ಪಡಿಗಳನ್ನು ನಿಲ್ಲಿಸಿ, ಮೇಲೊಂದು ಚಪ್ಪಡಿ ಹೊದಿಸಿ, ಕೆಲವಕ್ಕೆ ದುಂಡನೆಯ ಕಿಂಡಿಯನ್ನೂ ಕೊರೆದಿದ್ದಾರೆ. ಚಪ್ಪಡಿಗಳನ್ನು ಅಲ್ಲಿಯ ಬಂಡೆಯಿಂದಲೇ ಎಬ್ಬಿಸಿದ್ದರಿಂದ ಉಂಟಾದ ಹೊಂಡದ ತಳದಲ್ಲಿ ಪಾಚಿಗಟ್ಟಿದ ನೀರು ಇನ್ನೂ ಇತ್ತು. 1835ರಲ್ಲೇ ನಿಜಾಮರ ಸೇವೆಯಲ್ಲಿದ್ದ ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್ ಈ ತಾಣದ ವಿವರ ಬರೆದಿಟ್ಟಿದ್ದರು. 2021ರಲ್ಲಿ ಇದು ಯುನೆಸ್ಕೋ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಗೆ ಸೇರಿತು. ನಮಗೆ ದಾರಿ ತೋರಿಸಿದ ಹಿರಿಯರ ಪಾಲಿಗೆ ಮಾತ್ರ ಇವು ಮೋರ್ಯರೆಂಬ ಗಿಡ್ಡ ಜನರ ಮನೆಗಳು. ಒಬ್ಬ ಹುಡುಗ ಕಿಂಡಿಯೊಳಗೆ ತಲೆ ತೂರಿಸಿ ಅಳತೆ ನೋಡಿ, ಇರಬಹುದು ಎಂದು ಗಂಭೀರವಾಗಿ ಒಪ್ಪಿಕೊಂಡ.

ಇಳಿಯಲು ಹೊರಟಾಗ ಹಿರಿಯರು ಕೋಲು ಅಡ್ಡ ಹಿಡಿದರು. "ಅಕ್ಕಾರ, ಈಗ ಇಳಿಯಾಕ ಹೋಗಬ್ಯಾಡ್ರಿ. ಕಲ್ಲು ಕಾದಾವ. ಹುಡುಗ್ರನ್ನ ನೆಳ್ಳಾಗ ಕುಂದರಸ್ರಿ."

ಮುಂಚಾಚಿದ ಒಂದು ಬಂಡೆಯ ಕೆಳಗೆ ಎಲ್ಲರೂ ಒತ್ತಾಗಿ ಕುಳಿತೆವು. ಒಳಗೋಡೆಯ ಮೇಲೆ ಕೆಮ್ಮಣ್ಣಿನಲ್ಲಿ ಬರೆದ ಮನುಷ್ಯರು, ಪ್ರಾಣಿಗಳು. ಅಂದಿನ ಪಾಠಕ್ಕೆ, ಬೆಟ್ಟಗಳತ್ತ ಕಣ್ಣೆತ್ತುವವನ ಮಾತಿನಿಂದ ತೊಡಗುವ ಸತ್ಯವೇದದ 121ನೆಯ ಕೀರ್ತನೆಯನ್ನು ಆರಿಸಿ ನಾಲ್ಕು ಹಾಳೆ ಬರೆದು ತಂದಿದ್ದೆ. ಆ ಹಾಳೆಗಳು ಚಿಕ್ಕವರಿಗೆ ಬೀಸಣಿಗೆಯಾದವು. ಚಿತ್ರಗಳನ್ನೇ ದಿಟ್ಟಿಸುತ್ತಿದ್ದ ಒಬ್ಬಳು ಕೇಳಿದಳು, "ಟೀಚರ್, ಇಲ್ಲಿ ಸತ್ತವರು ಯೇಸುಸ್ವಾಮಿಗಿಂತ ಮುಂಚಿನವರಾ?" ಹೌದೆಂದೆ. "ಹಾಗಾದ್ರೆ ಇವರಿಗೋಸ್ಕರ ಯಾರು ಪ್ರಾರ್ಥನೆ ಮಾಡಿದ್ರು?" ಇಷ್ಟು ಭಾರದ ಕಲ್ಲು ಹೊತ್ತವರು ಅತ್ತೇ ಹೊತ್ತಿರಬೇಕು ಎಂದಷ್ಟೇ ಹೇಳಿ, ಉಳಿದದ್ದನ್ನು ಅಯ್ಯನವರನ್ನು ಕೇಳೆಂದು ಜಾರಿಕೊಂಡೆ. ಇಪ್ಪತ್ತು ವರ್ಷ ಪಾಠ ಹೇಳಿದ್ದೇನೆ, ಆ ಪ್ರಶ್ನೆಯನ್ನು ಸಭೆಯ ಹಾಲಿನಲ್ಲಿ ಯಾರೂ ಕೇಳಿರಲಿಲ್ಲ.

ಹನ್ನೊಂದೂವರೆಯ ಹೊತ್ತಿಗೆ ಬಹುತೇಕ ಬಾಟಲಿಗಳು ಬರಿದಾಗಿದ್ದವು. ಹಿರಿಯರ ಮಗ ಕ್ಯಾನಿನಲ್ಲಿ ನೀರು ತರಲು ಕೆಳಗಿಳಿದಿದ್ದ. ಅವನು ಮರಳಿ ಬರುವವರೆಗೆ ಏನು ಗತಿ ಎಂದು ನಾವು ದೊಡ್ಡವರು ಪಿಸುಗುಡುತ್ತಿರುವಾಗಲೇ ಚಾಪೆಯ ಹುಡುಗಿ ಎದ್ದು ನಿಂತಳು. ಅವಳ ಒಂದು ಬಾಟಲಿ ಇನ್ನೂ ತುಂಬಿತ್ತು. ಉಳಿದವರ ಬಾಟಲಿಗಳ ತಳದ ನೀರನ್ನೂ ಕೇಳಿ ಇಸಿದುಕೊಂಡು, ಮುಚ್ಚಳವನ್ನು ಎಡಗೈಯ ಎರಡು ಬೆರಳುಗಳ ನಡುವೆ ಹಿಡಿದು, ಅಂಚಿನ ಗೆರೆಯವರೆಗೆ ತುಂಬಿ, ಅತಿ ಚಿಕ್ಕವನಿಂದ ಆರಂಭಿಸಿ ಬಾಯಿಬಾಯಿಗೆ ಹಿಡಿಯುತ್ತ ಬಂದಳು. ತಲೆಗೆ ಎರಡು ಮುಚ್ಚಳ. ಮೂರನೆಯದಕ್ಕೆ ಬಾಯಿ ತೆರೆದ ತನ್ನ ತಮ್ಮನ ಗಲ್ಲವನ್ನು ಒತ್ತಿ ಮುಚ್ಚಿದಳು. ನನ್ನ ಸರದಿ ಬಂದಾಗ ತಲೆಯೆತ್ತದೆ, "ಟೀಚರ್, ನಿಮಗೂ ಎರಡೇ" ಎಂದಳು.

ಒಂದು ಗಂಟೆ ದಾಟಿದ ಮೇಲೆ ಕ್ಯಾನು ಬಂತು. ಬಿಸಿಲು ಇಳಿದ ಮೇಲೆ ನಾವೂ ಇಳಿದೆವು. ಮೇಲಿನ ಬಂಡೆಯೊಂದರ ನೆತ್ತಿಯಲ್ಲಿರುವ, ಹೊಡೆದರೆ ದೂರದವರೆಗೂ ಕೇಳಿಸುವ ನಗಾರಿ ಕಲ್ಲನ್ನು ಮುಂದಿನ ಸಲ ತೋರಿಸುವುದಾಗಿ ಹಿರಿಯರು ಮಾತು ಕೊಟ್ಟರು. ಊರಿನ ನಲ್ಲಿ ಕಂಡದ್ದೇ ತಡ, ಮಕ್ಕಳ ಸಾಲು ಚೆಲ್ಲಾಪಿಲ್ಲಿಯಾಯಿತು. ಇಬ್ಬರನ್ನು ತಳ್ಳಿ ಮೊದಲು ಬಾಯಿ ಒಡ್ಡಿದವಳು ಆ ಹುಡುಗಿಯೇ. ಅವಳ ಬಾಟಲಿಯ ಮುಚ್ಚಳ ಎಲ್ಲೋ ಬಿದ್ದುಹೋಗಿತ್ತು.