ಎರೆ ಹೊಲದಲ್ಲಿ ಕರಿ ಎಮ್ಮೆ: ಕೊನೆಗೂ ಎದ್ದು ಕಂಡಿತು

ಕಲಬುರಗಿ ಕಡೆಯ ಎರೆ ಹೊಲ, ತೊಗರಿ ಕೊಯ್ದ ಕೂಳೆ, ನಡುವೆ ಒಂದು ಎಮ್ಮೆ: ಇದು ನಾನು ಬರೆಯುತ್ತಿರುವ ಎಣ್ಣೆ ಬಣ್ಣದ ಚಿತ್ರ. ಡ್ರಾಯಿಂಗ್, ಮೊದಲ ಕೋಟ್ ಎಲ್ಲ ಸಲೀಸಾಗಿ ಮುಗಿದಿತ್ತು. ತಲೆ ತಿಂದದ್ದು ಕಪ್ಪು. ಕರಿ ಮಣ್ಣಿನ ಮೇಲೆ ಕರಿ ಪ್ರಾಣಿ, ದೂರ ನಿಂತು ನೋಡಿದರೆ ಕೊಂಬು ಬಿಟ್ಟು ಏನೂ ಇಲ್ಲ. "ಹೊಲದಾಗ ಗುಂಡಿ ಯಾಕ ತೋಡೀರಿ?" ಅಂತ ಮನೆಯಲ್ಲಿ ಕೇಳಿದರು.

ಐವರಿ ಬ್ಲ್ಯಾಕ್ ಅನ್ನೋ ಕಪ್ಪು ಬಣ್ಣದ ಸಹವಾಸ ನಿಮಗೂ ಗೊತ್ತಲ್ವಾ. ಎಣ್ಣೆ ಜಾಸ್ತಿ ಕುಡಿಯುತ್ತದೆ, ಒಣಗಲು ಸತಾಯಿಸುತ್ತದೆ, ಒಣಗಿದ ಮೇಲೆ ಅಲ್ಲಲ್ಲಿ ಮಂಕಾಗುತ್ತದೆ. ಮೇಲೆ ಕಂದು ಬಣ್ಣದ ಅಂಬರ್ ಹಚ್ಚೋಣ ಅಂದರೆ ಅದರಲ್ಲಿ ಮ್ಯಾಂಗನೀಸ್ ಇದೆ, ಬೇಗ ಒಣಗಿಬಿಡುತ್ತದೆ. ಕೆಳಗೆ ಹಸಿ, ಮೇಲೆ ಒಣ, ಬಿರುಕಿಗೆ ಆಮಂತ್ರಣ. ಐವರಿ ಬ್ಲ್ಯಾಕ್ ಟ್ಯೂಬನ್ನೇ ಎತ್ತಿಟ್ಟು ಬರ್ನ್ಟ್ ಅಂಬರ್, ಅಲ್ಟ್ರಾಮರೀನ್ ನೀಲಿ ಕಲಸಿ ಕಪ್ಪು ಮಾಡಿಕೊಂಡೆ. ಕಪ್ಪಿಗೆ ಜೀವ ಬಂತು. ಗುಂಡಿ ಮಾತ್ರ ಗುಂಡಿಯಾಗೇ ಉಳಿಯಿತು.

ಅಷ್ಟರಲ್ಲಿ ಅಲ್ಟ್ರಾಮರೀನ್ ಖಾಲಿ. ಆರ್ಡರ್ ಮಾಡಿದರೆ ಬಂದದ್ದು ಪ್ರಷ್ಯನ್ ಬ್ಲೂ. ಅಂಗಡಿಗೆ ಫೋನ್ ಮಾಡಿದರೆ "ಎರಡೂ ನೀಲಿನೇ ಅಲ್ರಿ ಸರ್" ಅಂದರು. ಪ್ರಷ್ಯನ್ ಹಾಕಿದರೆ ಎಮ್ಮೆ ಹಸಿರಿಗೆ ತಿರುಗುತ್ತದೆ ಅಂತ ಅವರಿಗೆ ಹೇಳುವವರು ಯಾರು!

ದಾರಿ ಸಿಕ್ಕಿದ್ದು ಸುಮ್ನೆ ಮಧ್ಯಾಹ್ನ ಹೊಲದಲ್ಲಿ ನಿಂತಾಗ. ಒಣಗಿದ ಎರೆ ಮಣ್ಣು ಬಿಸಿಲಲ್ಲಿ ಬೂದಿ ಬಣ್ಣ, ಹೊಳಪೇ ಇಲ್ಲ. ಎಮ್ಮೆ ಮೈಮೇಲೆ ಕೂದಲು ಕಡಿಮೆ, ಚರ್ಮ ಜಿಡ್ಡು. ಹಾಗಾಗಿ ಬೆನ್ನಿನ ಮೇಲೆ ಆಕಾಶವೇ ಬಿದ್ದಿರುತ್ತದೆ. ಹೊಟ್ಟೆಯ ಕೆಳಗೆ ಮಾತ್ರ ಮಣ್ಣಿನಿಂದ ಪುಟಿದ ಕಂದು ಬೆಳಕು. ವಾಪಸ್ ಬಂದು ಮಣ್ಣಿಗೆ ರಾ ಅಂಬರ್, ಟೈಟಾನಿಯಂ ವೈಟ್ ಸೇರಿಸಿ ಬಣ್ಣ ತಿಳಿ ಮಾಡಿದೆ. ಬೆನ್ನಿಗೆ ತಣ್ಣನೆಯ ನೀಲಿ ಬೂದಿ, ಅಂಚು ಚೂಪಾಗಿ. ಹೊಟ್ಟೆಯ ಅಂಚನ್ನು ಒಣ ಬ್ರಷ್ಷಿನಿಂದ ನೆರಳಿನೊಳಗೆ ಕರಗಿಸಿಬಿಟ್ಟೆ. ಎಮ್ಮೆ ಎದ್ದು ನಿಂತಿತು! ನಮ್ಮೂರಲ್ಲೇ ಹುಟ್ಟಿದ ಚಿತ್ರಕಾರ ಎಸ್. ಎಂ. ಪಂಡಿತ್ (1916–1993) ದೇವತೆಗಳ ಮೈಗೆ ಹೊಳಪು ತಂದವರು. ನನ್ನ ಪಾಲಿಗೆ ಎಮ್ಮೆ ಬೆನ್ನು.

ಮಂಕಾದ ಜಾಗಕ್ಕೆ ಲಿನ್ಸೀಡ್ (ಅಗಸೆ) ಎಣ್ಣೆ ತೆಳುವಾಗಿ ಸವರಿ ಒರೆಸಬೇಕು, ಗೊರಸು ಬಾಕಿ ಇದೆ. ಆದರೆ ಮನಸ್ಸು ಆಗಲೇ ಬೀದರ್ ಕಡೆಯ ದೇವಣಿ ಎತ್ತಿನ ಹಿಂದೆ ಹೋಗಿದೆ. ಕಾರ ಹುಣ್ಣಿಮೆಗೆ ಕೊಂಬಿಗೆ ಬಣ್ಣ ಬಳಿದು ನಿಲ್ಲಿಸಿರುತ್ತಾರಲ್ಲ, ಅದು. ದೇವಣಿಯಲ್ಲೇ ವನ್ನೇರಾ ಅನ್ನೋ ಬಗೆ, ಬಿಳಿ ಮೈ, ಮುಖದ ಪಕ್ಕಕ್ಕೆ ಕಪ್ಪು. ಹಿಂದೆ ಸುಣ್ಣ ಬಳಿದ ಗೋಡೆ, ಕೆಳಗೆ ಶಹಾಬಾದ್ ಕಲ್ಲು. ಬಿಳಿ ಮೇಲೆ ಬಿಳಿ! ಫ್ಲೇಕ್ ವೈಟ್ (ಸೀಸದ ಬಿಳಿ ಬಣ್ಣ) ಎಲ್ಲಿ ಸಿಗುತ್ತದೆ ಅಂತ ಯಾರಿಗಾದರೂ ಗೊತ್ತಿದ್ದರೆ ಹೇಳಿ.