ಟಿಸಿ ಊರಾಗ ಉಳದದರಿ

ಎದುರು ಸೈಟಿನಲ್ಲಿ ಮನೆ ಕಟ್ಟೋಕೆ ಬಂದಿರೋದು ಯಾದಗಿರಿ ಕಡೆಯ ಕುಟುಂಬ.

ಇವತ್ತು ಬೆಳಿಗ್ಗೆ ಅವರ ಮಗಳು ತಮ್ಮನನ್ನು ತೊಡೆ ಮೇಲೆ ಮಲಗಿಸಿಕೊಂಡು ನಾಲ್ಕನೇ ಕ್ಲಾಸಿನ ಕನ್ನಡ ಪುಸ್ತಕ ಓದ್ತಿದ್ದಳು. ಸಿಮೆಂಟ್ ಚೀಲದ ಕಾಗದದಲ್ಲಿ ಹಾಕಿದ ಬೈಂಡ್. ಮೂಲೆಗಳನ್ನು ಎಷ್ಟು ಜೋಪಾನವಾಗಿ ಮಡಚಿದ್ದಳು! ಕೊನೆಯ ಹಾಳೆಗಳೇ ಇರಲಿಲ್ಲ.

"ಅಕ್ಕಾರ, ಇದರ ಮುಂದ ಏನದರಿ?"

ಸ್ಕೂಲಿಗೆ ಯಾಕೆ ಹೋಗ್ತಿಲ್ಲ ಅಂದೆ.

"ಟಿಸಿ ಊರಾಗ ಉಳದದರಿ."

ಟಿಸಿ ತಂದ್ಮೇಲೆ ಬನ್ನಿ ಅಂದರಂತೆ ಶಾಲೆಯಲ್ಲಿ.

ಟಿಸಿ ತಡವಾಯ್ತು ಅಂತ ಪ್ರವೇಶ ನಿರಾಕರಿಸೋ ಹಾಗಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 5ನೇ ಸೆಕ್ಷನ್ನಿನಲ್ಲೇ ಇದೆ. ಅವಳ ಅಪ್ಪನಿಗೆ ಇದನ್ನು ಯಾರೂ ಹೇಳಿಲ್ಲ. ಇನ್ನೊಂದು ದಿನದ ಕೂಲಿ ಬಿಟ್ಟು ಹೋಗಿ ಕೇಳೋದು ಅವರಿಗೆ ಸುಲಭವೂ ಅಲ್ಲ.

ನನ್ನ ಮಗನ ಅಡ್ಮಿಷನ್ನಿಗೆ ನಾನೆಷ್ಟು ಓಡಾಡಿದ್ದೆ, ನೆನಪಾಯ್ತು.

ಸೋಮವಾರ ಅವರ ಜೊತೆ ನಾನೂ ಹೋಗ್ತೀನಿ.