ಅರ್ಜೆಂಟ್ ಫೋಟೋ

ಶಿರಸಿ ಪೇಟೆಯ ಸ್ಟುಡಿಯೋ ಒಂದರ ಗಾಜಿನ ಮೇಲೆ ‘ಇಲ್ಲಿ ಅರ್ಜೆಂಟ್ ಫೋಟೋ ತೆಗೆಯಲಾಗುವುದು’ ಎಂಬ ಬರಹವನ್ನು ಇಂದು ಪಾಸ್‌ಪೋರ್ಟ್ ಅಳತೆಯ ನಾಲ್ಕು ಪ್ರತಿಗಳಿಗಾಗಿ ಕಾಯುತ್ತ ಕುಳಿತವನು ಹಲವು ಬಾರಿ ಓದಿದೆ. ಅವಸರವಿರುವುದು ನನಗೆ, ವಿಶೇಷಣ ಸೇರಿರುವುದು ಮಾತ್ರ ಫೋಟೋಕ್ಕೆ! ಇನ್‌ಸ್ಟಂಟ್ ಕಾಫಿ, ಎಕ್ಸ್‌ಪ್ರೆಸ್ ಬಸ್ಸು ಎನ್ನುವಾಗಲೂ ನಾವು ವೇಗವನ್ನು ವಸ್ತುವಿಗೇ ಅಂಟಿಸುತ್ತೇವೆ. ಕನ್ನಡದ ಕೂಡಲೇ, ಒಡನೆ, ಥಟ್ಟನೆ ಎಂಬ ಪದಗಳಾದರೋ ನಾಮಪದದ ಹಿಂದೆ ನಿಲ್ಲಲು ಒಪ್ಪದೆ ಕ್ರಿಯಾಪದವನ್ನೇ ಹುಡುಕಿಕೊಂಡು ಹೋಗುತ್ತವೆ. ‘ಕೂಡಲೇ ಬಾ’ ಎನ್ನಬಹುದು, ‘ಕೂಡಲೇ ಕಾಫಿ’ ಎಂದರೆ ಮಾತು ಅರ್ಧಕ್ಕೇ ನಿಂತಂತಾಗುತ್ತದೆ. ಆ ಕೊರತೆಯನ್ನು ‘ದಿಢೀರ್’ ಒಂದಿಷ್ಟು ತುಂಬಿದೆಯಾದರೂ ದಿಢೀರ್ ದೋಸೆಗೆ ಒಗ್ಗುವ ಆ ಪದ ಫೋಟೋಕ್ಕೆ ಒಗ್ಗುವುದಿಲ್ಲ. ಕೂಡಲೇ ಎಂಬುದರಲ್ಲಿ ‘ಕೂಡು’, ಒಡನೆ ಎಂಬುದರಲ್ಲಿ ‘ಒಡ’ ಇರುವುದರಿಂದ ಎರಡರ ಮೂಲದಲ್ಲಿಯೂ ಜೊತೆಗಿರುವ ಅರ್ಥವಿದೆ. ಇನ್‌ಸ್ಟಂಟ್‌ನ ಲ್ಯಾಟಿನ್ ಮೂಲಕ್ಕೂ ‘ಹತ್ತಿರ ನಿಂತಿರುವ’ ಎಂಬ ಅರ್ಥವಿರುವುದು ಸೋಜಿಗ. ಮನೆಯಲ್ಲಿ ಆಯಿ ಬೇಯಿಸಿದ ಮಾವಿನಕಾಯಿಯನ್ನು ಕಿವುಚಿ, ನೀರು ಬೆರೆಸಿ, ಇಂಗು ಸಾಸಿವೆಯ ಒಗ್ಗರಣೆ ಹಾಕಿ ಐದು ನಿಮಿಷದಲ್ಲಿ ಮುಗಿಸುವ ಅಪ್ಪೆಹುಳಿಗೆ ಇಂಥ ಯಾವ ವಿಶೇಷಣವನ್ನೂ ಯಾರೂ ಸೇರಿಸಿದ್ದಿಲ್ಲ. ಅಂದ ಹಾಗೆ, ಅರ್ಜೆಂಟ್ ಫೋಟೋ ಕೈಗೆ ಬಂದದ್ದು ಮುಕ್ಕಾಲು ಗಂಟೆಯ ನಂತರ.